ತವರು ಕಾಣದ ಗೆಲುವು

2025ರ ಜುಲೈ 5, ಶನಿವಾರ ಸಂಜೆ. ಹೈದರಾಬಾದಿನ ಕಾಚಿಗುಡದ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿದ್ದೆ. ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಿನಲ್ಲಿ ಭಾರತದ ಮಹಿಳಾ ಫುಟ್‌ಬಾಲ್ ತಂಡ ಥಾಯ್ಲೆಂಡ್ ವಿರುದ್ಧ ಆಡುತ್ತಿತ್ತು. 1-1 ಆಗಿತ್ತು. ಪಕ್ಕದ ಮನೆಯ ಹನ್ನೊಂದು ವರ್ಷದ ಹುಡುಗಿ ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಬಂದವಳು ನನ್ನ ಮುಖ ನೋಡಿ ಅಲ್ಲೇ ಕೂತಳು. 74ನೇ ನಿಮಿಷದಲ್ಲಿ ಸಂಗೀತಾ ಬಾಸ್ಫೋರ್ ಎರಡನೇ ಗೋಲು ಹೊಡೆದರು. ಪಂದ್ಯ 2-1ಕ್ಕೆ ಮುಗಿಯಿತು. ಮಹಿಳೆಯರ ಏಷ್ಯನ್ ಕಪ್ಪಿಗೆ ಅರ್ಹತಾ ಸುತ್ತು ಶುರುವಾದಾಗಿನಿಂದ ಭಾರತ ಆ ಸುತ್ತನ್ನು ಗೆದ್ದು ಒಳಗೆ ಹೋದದ್ದು ಇದೇ ಮೊದಲು. ನಾವಿಬ್ಬರೂ ಮೆಟ್ಟಿಲ ಮೇಲೆಯೇ ಕುಣಿದೆವು.

ಕುಣಿತ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಂಕಲ್, ಇವರು ನಮ್ಮೂರಲ್ಲಿ ಯಾವಾಗ ಆಡ್ತಾರೆ?"

ನನಗೆ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ನೋಡಿದೆ. ಉತ್ತರ ಸಿಕ್ಕಾಗ ಸಿಟ್ಟು ಬಂತು. ಆ ಸಿಟ್ಟು ಆರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅರ್ಹತೆ ಹೇಗೆ ಸಿಗುತ್ತದೆ ಎಂದು ಸರಳವಾಗಿ ಹೇಳಿಬಿಡುತ್ತೇನೆ. 2026ರ ಮಾರ್ಚ್ 1ರಿಂದ 21ರವರೆಗಿನ ಆಸ್ಟ್ರೇಲಿಯಾದ ಏಷ್ಯನ್ ಕಪ್ಪಿನಲ್ಲಿ 12 ತಂಡಗಳಿಗೆ ಜಾಗ. ಅದರಲ್ಲಿ ನಾಲ್ಕು ಜಾಗ ಮೊದಲೇ ಹೋಗಿದ್ದವು: ಆತಿಥೇಯ ಆಸ್ಟ್ರೇಲಿಯಾಕ್ಕೆ ಒಂದು, 2022ರ ಟೂರ್ನಿಯಲ್ಲಿ ಮೊದಲ ಮೂರು ಸ್ಥಾನ ಪಡೆದ ಚೀನಾ, ದಕ್ಷಿಣ ಕೊರಿಯಾ, ಜಪಾನ್‌ಗಳಿಗೆ ಮೂರು. ಉಳಿದದ್ದು ಎಂಟು. ಆ ಎಂಟಕ್ಕೆ 34 ದೇಶಗಳು. ಫಿಫಾ ಶ್ರೇಯಾಂಕದ ಪ್ರಕಾರ ತಂಡಗಳನ್ನು ಮಡಕೆಗಳಿಗೆ ಹಂಚಿ, ಚೀಟಿ ಎತ್ತಿ, ಎಂಟು ಗುಂಪು ಮಾಡಿದರು. ಎರಡು ಗುಂಪಿನಲ್ಲಿ ಐದೈದು ತಂಡ, ಆರರಲ್ಲಿ ನಾಲ್ಕು ನಾಲ್ಕು. ಪ್ರತಿ ಗುಂಪಿನಿಂದ ಒಂದೇ ತಂಡ ಮುಂದಕ್ಕೆ. ಎರಡನೇ ಸ್ಥಾನಕ್ಕೆ ಏನೂ ಇಲ್ಲ.

ಭಾರತ ಎರಡನೇ ಮಡಕೆಯಲ್ಲಿತ್ತು. ಶ್ರೇಯಾಂಕ 70. ಸಿಕ್ಕಿದ್ದು ಐದು ತಂಡಗಳ ಗುಂಪು, ಅದರಲ್ಲಿ 46ನೇ ಶ್ರೇಯಾಂಕದ ಥಾಯ್ಲೆಂಡ್. ಅದೂ ಥಾಯ್ಲೆಂಡಿನದೇ ಮೈದಾನದಲ್ಲಿ. ಜೂನ್ 23ರಂದು ಮಂಗೋಲಿಯಾ ವಿರುದ್ಧ 13-0, 29ರಂದು ಟಿಮೋರ್-ಲೆಸ್ಟೆ ವಿರುದ್ಧ 4-0, ಜುಲೈ 2ರಂದು ಇರಾಕ್ ವಿರುದ್ಧ 5-0. ಒಟ್ಟು 22 ಗೋಲು, ಬಿಟ್ಟುಕೊಟ್ಟದ್ದು ಸೊನ್ನೆ. ಥಾಯ್ಲೆಂಡಿನ ಲೆಕ್ಕವೂ ಅಷ್ಟೇ: ಮೂರು ಗೆಲುವು, 22 ಗೋಲು, ಬಿಟ್ಟುಕೊಟ್ಟದ್ದು ಸೊನ್ನೆ. ತಕ್ಕಡಿಯ ಎರಡೂ ತಟ್ಟೆ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ನಿಂತಿದ್ದವು. ಕೊನೆಯ ಪಂದ್ಯ ಸಮಬಲವಾಗಿದ್ದರೆ ಪೆನಾಲ್ಟಿ ಶೂಟೌಟ್. ಇನ್ನೊಂದು ಗುಂಪಿನಲ್ಲಿ ನೇಪಾಳ ಮತ್ತು ಉಜ್ಬೇಕಿಸ್ತಾನಕ್ಕೆ ಹಾಗೇ ಆಯಿತು. 3-3 ಆಗಿ, ಶೂಟೌಟಿನಲ್ಲಿ ನೇಪಾಳ ಹೊರಬಿತ್ತು. ನಮ್ಮವರು ಆ ಗತಿಗೆ ಹೋಗದೆ ತೊಂಬತ್ತು ನಿಮಿಷದಲ್ಲೇ ಮುಗಿಸಿದರು.

ಮಾರನೆಯ ದಿನ ಎಲ್ಲೆಲ್ಲೂ ಒಂದೇ ಪದ: ಪವಾಡ. ಆ ಪದವೇ ನನಗೆ ಮೊದಲು ಚುಚ್ಚಿದ್ದು. ಪವಾಡ ಎಂದರೆ ಕಾರಣ ಹುಡುಕಬೇಕಿಲ್ಲ, ಯಾರನ್ನೂ ಪ್ರಶ್ನೆ ಕೇಳಬೇಕಿಲ್ಲ. ದೇವರು ಕೊಟ್ಟ, ನಾವು ಕೈಮುಗಿದೆವು, ಮುಗಿಯಿತು. ಆದರೆ ಅದೇ ಆಗಸ್ಟಿನಲ್ಲಿ ಯಾಂಗೊನ್‌ನಲ್ಲಿ 20ರೊಳಗಿನ ಹುಡುಗಿಯರು ಮ್ಯಾನ್ಮಾರನ್ನು ಸೋಲಿಸಿ ತಮ್ಮ ಏಷ್ಯನ್ ಕಪ್ಪಿಗೆ ಹೋದರು. ಅಕ್ಟೋಬರಿನಲ್ಲಿ ಬಿಷ್ಕೆಕ್‌ನಲ್ಲಿ 17ರೊಳಗಿನವರು ಉಜ್ಬೇಕಿಸ್ತಾನದ ವಿರುದ್ಧ ಹಿಂದೆ ಬಿದ್ದಿದ್ದವರು 2-1ಕ್ಕೆ ಗೆದ್ದು ತಾವೂ ಹೋದರು. ಒಂದೇ ವರ್ಷದಲ್ಲಿ ಮೂರು ಮಹಿಳಾ ತಂಡ, ಮೂರು ಅರ್ಹತೆ. ಒಂದೇ ವರ್ಷದಲ್ಲಿ ಮೂರು ಸಲ ಆಗುವುದಕ್ಕೆ ಪವಾಡ ಎನ್ನುವವರಿಗೆ ಆಟ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳಲು ಮನಸ್ಸಿಲ್ಲ.

ಇನ್ನೊಂದು ವಿಷಯ ಗಮನಿಸಿ. ಚಿಯಾಂಗ್ ಮಾಯ್, ಯಾಂಗೊನ್, ಬಿಷ್ಕೆಕ್. ಮೂರೂ ಪರದೇಶ. ನನ್ನ ತಕರಾರು ಶುರುವಾಗುವುದು ಇಲ್ಲಿಂದ.

ಗಂಡಸರ ಏಷ್ಯನ್ ಕಪ್ಪಿನ ಕೊನೆಯ ಅರ್ಹತಾ ಸುತ್ತು ಹೇಗಿದೆ ನೋಡಿ. 24 ತಂಡ, ಆರು ಗುಂಪು, ಗುಂಪಿಗೆ ನಾಲ್ಕು ತಂಡ, ಒಬ್ಬರಿಗೆ ಜಾಗ. ಇಷ್ಟರಮಟ್ಟಿಗೆ ಹೆಂಗಸರ ಸುತ್ತಿನಂತೆಯೇ. ವ್ಯತ್ಯಾಸ ಇರುವುದು ಒಂದೇ ಕಡೆ: ಗಂಡಸರು ಪ್ರತಿ ಎದುರಾಳಿಯ ಜೊತೆ ಎರಡು ಸಲ ಆಡುತ್ತಾರೆ, ಒಂದು ಸಲ ಅವರ ಊರಿನಲ್ಲಿ, ಒಂದು ಸಲ ನಮ್ಮ ಊರಿನಲ್ಲಿ. ಆರು ಪಂದ್ಯ, 2025ರ ಮಾರ್ಚಿನಿಂದ 2026ರ ಮಾರ್ಚಿನವರೆಗೆ ಒಂದು ವರ್ಷ. ಅದರಲ್ಲಿ ಮೂರು ಪಂದ್ಯ ಭಾರತದ ನೆಲದಲ್ಲಿ. ಬಾಂಗ್ಲಾದೇಶದ ಜೊತೆ ಶಿಲ್ಲಾಂಗ್‌ನಲ್ಲಿ ಆಡಿದರು, 0-0. ಸಿಂಗಪುರದ ಜೊತೆ ಗೋವಾದಲ್ಲಿ ಆಡಿದರು, 1-2ಕ್ಕೆ ಸೋತರು. ಆ ಅಕ್ಟೋಬರ್ 14ರ ಸೋಲಿನೊಂದಿಗೆ ಅವರ ಬಾಗಿಲು ಮುಚ್ಚಿತು. ನವೆಂಬರಿನಲ್ಲಿ ಢಾಕಾದಲ್ಲಿ ಮತ್ತೆ ಸೋತರು. ಆಟದಲ್ಲಿ ಸೋಲು ಇದ್ದದ್ದೇ, ಸೋತವರನ್ನು ಇಲ್ಲಿ ಆಡಿಕೊಳ್ಳುತ್ತಿಲ್ಲ. ಸೋತರೂ ಅವರನ್ನು ತಮ್ಮ ಜನ ಕಣ್ಣಾರೆ ಕಂಡರು. ಗೆದ್ದ ಹೆಂಗಸರನ್ನು ಯಾರೂ ಕಾಣಲಿಲ್ಲ.

ಏಕೆಂದರೆ ಹೆಂಗಸರ ಅರ್ಹತಾ ಸುತ್ತು ಹೋಗಿ-ಬಂದು ಆಡುವ ಪದ್ಧತಿಯದ್ದಲ್ಲ. ಗುಂಪಿನ ಎಲ್ಲ ತಂಡಗಳನ್ನೂ ಒಂದೇ ಊರಿಗೆ ಕರೆಸಿ, ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ನಮ್ಮವರು ಹದಿಮೂರು ದಿನದಲ್ಲಿ ನಾಲ್ಕು ಪಂದ್ಯ ಆಡಿದರು. ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಷನ್ ಗಂಡಸರಲ್ಲಿ ಯಾರ ಅರ್ಹತಾ ಸುತ್ತನ್ನು ಹೀಗೆ ಒಂದೂರಿನಲ್ಲಿ ನಡೆಸುತ್ತದೆ ಗೊತ್ತೇ? 17ರೊಳಗಿನ ಹುಡುಗರದ್ದು, 20ರೊಳಗಿನವರದ್ದು, 23ರೊಳಗಿನವರದ್ದು. ಅಂದರೆ ನೂರು ಅಂತರರಾಷ್ಟ್ರೀಯ ಪಂದ್ಯ ಆಡಿದ ಹೆಂಗಸೂ ಈ ಪುಸ್ತಕದಲ್ಲಿ ಹದಿನೇಳರ ಹುಡುಗನ ಸಾಲಿನಲ್ಲೇ ನಿಲ್ಲಬೇಕು.

ನೂರು ಪಂದ್ಯದ ಮಾತು ಸುಮ್ಮನೆ ಹೇಳಿದ್ದಲ್ಲ. 2024ರ ಜೂನ್ 6ರಂದು ಸುನಿಲ್ ಛೆಟ್ರಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ತಾವು ಕೊನೆಯದೆಂದು ಘೋಷಿಸಿದ್ದ ಪಂದ್ಯ ಆಡಿದರು. ಅದು ವಿಶ್ವಕಪ್ ಅರ್ಹತಾ ಪಂದ್ಯ. ಕ್ರೀಡಾಂಗಣ ತುಂಬಿತ್ತು, ಕಣ್ಣೀರು ಹಾಕಿದವರೆಷ್ಟೋ. ಅರ್ಹರಿಗೆ ಸಂದ ಗೌರವ ಅದು. ಅದೇ ವರ್ಷ ಅಕ್ಟೋಬರಿನಲ್ಲಿ ಆಶಾಲತಾ ದೇವಿ ಭಾರತದ ಪರ ನೂರನೇ ಪಂದ್ಯ ಆಡಿದರು. ಭಾರತದ ಯಾವ ಮಹಿಳೆಯೂ ಅದಕ್ಕೆ ಮೊದಲು ಆ ಸಂಖ್ಯೆ ಮುಟ್ಟಿರಲಿಲ್ಲ. ಅದೇ ಪಂದ್ಯದಲ್ಲಿ ಬಾಲಾ ದೇವಿ ತಮ್ಮ ಐವತ್ತನೇ ಅಂತರರಾಷ್ಟ್ರೀಯ ಗೋಲು ಹೊಡೆದರು. ಎಲ್ಲಿ? ಕಠ್ಮಂಡುವಿನಲ್ಲಿ. ಇಬ್ಬರೂ ಮಣಿಪುರದವರು, ಪಂದ್ಯ ನೇಪಾಳದಲ್ಲಿ, ಎದುರಾಳಿ ಪಾಕಿಸ್ತಾನ. ಭಾರತದ ಪ್ರೇಕ್ಷಕರಿಗೆ ಆ ದಿನ ಎದ್ದು ನಿಂತು ಚಪ್ಪಾಳೆ ಹೊಡೆಯುವ ಅವಕಾಶವೇ ಇರಲಿಲ್ಲ.

ನಮ್ಮ ಕ್ರೀಡಾ ಪುಟಗಳಲ್ಲಿ ಒಂದು ಚೆಂದದ ಮಾತಿದೆ: ತವರಿನ ಅಂಗಳ. ಯಾವ ಪುಣ್ಯಾತ್ಮ ಮೊದಲು ಬರೆದನೋ ಗೊತ್ತಿಲ್ಲ. ಕನ್ನಡದಲ್ಲಿ ತವರು ಹೆಣ್ಣಿನ ಮಾತು. ತವರು ಎಂದರೆ ಯಾರೂ ಲೆಕ್ಕ ಕೇಳದ ಮನೆ, ಹೋದರೆ ಮಡಿಲು ತುಂಬಿ ಕಳಿಸುವ ಮನೆ. ಆ ಮಾತನ್ನು ನಾವು ಗಂಡಸರ ತಂಡಗಳಿಗೆ ದಿನಾ ಧಾರಾಳವಾಗಿ ಬಳಸುತ್ತೇವೆ. ಹೆಂಗಸರ ತಂಡಕ್ಕೆ ಅರ್ಹತಾ ಸುತ್ತಿನಲ್ಲಿ ತವರೇ ಇಲ್ಲ.

ಈಗ ಹೈದರಾಬಾದಿಗೆ ಬನ್ನಿ. ಈ ಊರಿಗೆ ಫುಟ್‌ಬಾಲ್ ಹೊಸದಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯದಾಗಿ ಬಂದಾಗ, 1962ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದಾಗ ಕೋಚ್ ಆಗಿದ್ದವರು ಇದೇ ಊರಿನ ಸೈಯದ್ ಅಬ್ದುಲ್ ರಹೀಂ. ಅವರು ಬೆಳೆಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹೆಸರನ್ನು ಹಳೆಯ ಬಸ್ತಿಗಳಲ್ಲಿ ಈಗಲೂ ಮುದುಕರು ನಮಾಜಿನಷ್ಟೇ ಶ್ರದ್ಧೆಯಿಂದ ಹೇಳುತ್ತಾರೆ. ಆಮೇಲೆ ಆ ಬಾವಿ ಬತ್ತಿತು. ಹೈದರಾಬಾದ್ ಎಫ್‌ಸಿ 2021-22ರಲ್ಲಿ ಐಎಸ್‌ಎಲ್ ಗೆದ್ದಿತು. ಮೂರೇ ವರ್ಷದಲ್ಲಿ, 2025ರಲ್ಲಿ, ತಂಡವೇ ಗಂಟುಮೂಟೆ ಕಟ್ಟಿಕೊಂಡು ದೆಹಲಿಗೆ ಹೋಗಿ ಹೆಸರು ಬದಲಾಯಿಸಿಕೊಂಡಿತು. ಆದರೂ ಗಚ್ಚಿಬೌಲಿ ಕ್ರೀಡಾಂಗಣ ನಿಂತಿದೆ. 2024ರ ಸೆಪ್ಟೆಂಬರಿನಲ್ಲಿ ಗಂಡಸರ ತಂಡ ಅಲ್ಲಿ ಮಾರಿಷಸ್ ಮತ್ತು ಸಿರಿಯಾ ಜೊತೆ ಆಡಿತು, ನವೆಂಬರಿನಲ್ಲಿ ಮಲೇಷ್ಯಾ ಜೊತೆ ಆಡಿತು. ಮೂರು ಪಂದ್ಯದಲ್ಲಿ ಒಂದೂ ಗೆಲ್ಲಲಿಲ್ಲ. ಇರಲಿ. ಊರಿನ ಹುಡುಗರು ಹೋಗಿ ನೋಡಿದರು, ಅದು ಮುಖ್ಯ.

ಈ ಊರಿಂದ ರೈಲಿನಲ್ಲಿ ಮೂರು-ನಾಲ್ಕು ಗಂಟೆ ಹೋದರೆ ನಿಜಾಮಾಬಾದ್. ಆ ಜಿಲ್ಲೆಯ ಒಂದು ತಾಂಡಾದ ಬಂಜಾರ ಕುಟುಂಬದ ಮಗಳು ಗುಗುಲೋತ್ ಸೌಮ್ಯಾ. ಕರ್ನಾಟಕದ ಓದುಗರಿಗೆ ತಾಂಡಾ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಕಲಬುರಗಿ, ವಿಜಯಪುರ, ರಾಯಚೂರಿನ ದಾರಿಗಳಲ್ಲಿ ಊರಿನಿಂದ ಒಂದಿಷ್ಟು ದೂರ ನಿಂತ ಲಂಬಾಣಿ ತಾಂಡಾಗಳನ್ನು ನೀವು ನೋಡಿರುತ್ತೀರಿ. ಅಂಥ ಕಡೆಯಿಂದ ಹೊರಟ ಹೆಣ್ಣುಮಗಳು ಕ್ರೊವೇಷಿಯಾದ ಡಿನಾಮೊ ಜಾಗ್ರೆಬ್ ತಂಡಕ್ಕೆ ಆಡಿದರು. ಈಸ್ಟ್ ಬೆಂಗಾಲ್ 2024-25ರ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದಾಗ ಆ ತಂಡದಲ್ಲಿದ್ದರು. ಅದೇ ವರ್ಷ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವರನ್ನು ವರ್ಷದ ಆಟಗಾರ್ತಿ ಎಂದು ಆರಿಸಿತು. ಮಂಗೋಲಿಯಾ ವಿರುದ್ಧದ 13 ಗೋಲಿನಲ್ಲಿ ಎರಡು ಅವರದ್ದು. ಇಷ್ಟೆಲ್ಲ ಆದಮೇಲೂ, ಏಷ್ಯನ್ ಕಪ್ಪಿನ ಬಾಗಿಲು ತೆರೆದ ಆ ಓಟವನ್ನು ನೋಡಬೇಕಿದ್ದರೆ ನಿಜಾಮಾಬಾದಿನ ಇನ್ನೊಬ್ಬ ಹುಡುಗಿ ಪಾಸ್‌ಪೋರ್ಟ್ ಮಾಡಿಸಬೇಕಿತ್ತು.

ಕರ್ನಾಟಕದ ಕಥೆ ಬೇರೆಯಲ್ಲ. ಚಿಯಾಂಗ್ ಮಾಯ್‌ಗೆ ಹೋಗುವ ಮೊದಲು ಈ ತಂಡ ತಾಲೀಮು ಮಾಡಿದ್ದು ಬೆಂಗಳೂರಿನ ಹೊರವಲಯದ ಪಡುಕೋಣೆ-ದ್ರಾವಿಡ್ ಕೇಂದ್ರದಲ್ಲಿ. ಮೇ ಕೊನೆಗೆ ಮತ್ತು ಜೂನ್ ಮೊದಲ ವಾರ ಉಜ್ಬೇಕಿಸ್ತಾನದ ಜೊತೆ ಎರಡು ಸೌಹಾರ್ದ ಪಂದ್ಯಗಳನ್ನೂ ಅಲ್ಲೇ ಆಡಿತು, ತಾಲೀಮು ಕೇಂದ್ರದ ಮೈದಾನದಲ್ಲಿ. ಅದೇ ಬೆಂಗಳೂರಿನ ನಡುಮಧ್ಯೆ ಕಂಠೀರವ ಕ್ರೀಡಾಂಗಣವಿದೆ. 2023ರ ಜುಲೈನಲ್ಲಿ ಗಂಡಸರು ಕುವೈತನ್ನು ಶೂಟೌಟಿನಲ್ಲಿ ಸೋಲಿಸಿ ಸ್ಯಾಫ್ ಕಪ್ ಎತ್ತಿದ್ದು ಅಲ್ಲಿ, ಇಡೀ ಕ್ರೀಡಾಂಗಣ ಹಾಡುತ್ತಿದ್ದಾಗ. ನಿಮ್ಮಲ್ಲಿ ಬೆಂಗಳೂರಿನಲ್ಲಿರುವ ಎಷ್ಟು ಜನಕ್ಕೆ ಉಜ್ಬೇಕಿಸ್ತಾನದ ಪಂದ್ಯಗಳ ಸುದ್ದಿ ಗೊತ್ತಿತ್ತು? ಕೈ ಎತ್ತಿ. ನನ್ನ ಕೈಯೂ ಮೇಲೇಳುವುದಿಲ್ಲ.

ಇಷ್ಟು ಹೇಳಿದಾಗ ನನ್ನ ಗೆಳೆಯರು ಮೂರು ಆಕ್ಷೇಪ ಎತ್ತಿದರು. ಮೂರಕ್ಕೂ ಉತ್ತರ ಕೊಡಬೇಕು.

ಮೊದಲನೆಯದು ದುಡ್ಡು. ಏಷ್ಯಾ ದೊಡ್ಡದು, ಲೆಬನಾನಿನಿಂದ ಗುವಾಮ್‌ವರೆಗೆ ಹಬ್ಬಿದೆ, ಬಡ ಫೆಡರೇಷನ್‌ಗಳು ಹೋಗಿ-ಬಂದು ಆಡುವ ಖರ್ಚು ಎಲ್ಲಿಂದ ತರಬೇಕು ಎನ್ನುತ್ತಾರೆ. ಸರಿ, ಆಫ್ರಿಕಾ ಏನು ಚಿಕ್ಕದೇ? ಅಲ್ಲಿನ ಮಹಿಳೆಯರ ಆಫ್ರಿಕಾ ಕಪ್ಪಿನ ಅರ್ಹತಾ ಸುತ್ತು ಎರಡು ಪಂದ್ಯಗಳ ಮುಖಾಮುಖಿ: ಒಂದು ನಿನ್ನ ಊರಲ್ಲಿ, ಒಂದು ನನ್ನ ಊರಲ್ಲಿ, ಎರಡರ ಗೋಲು ಕೂಡಿಸಿ ಗೆದ್ದವರು ಮುಂದೆ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗಲು ಎರಡು ವಿಮಾನ ಬದಲಾಯಿಸಬೇಕಾದ ಖಂಡದಲ್ಲಿ ಅದು ಸಾಧ್ಯವಾಗಿದೆ. ಯುರೋಪಿನ ಮಹಿಳೆಯರ ಅರ್ಹತಾ ಸುತ್ತೂ ಹೋಗಿ-ಬಂದು ಆಡುವುದೇ. ಜಪಾನ್, ಕೊರಿಯಾ, ಚೀನಾ, ಕೊಲ್ಲಿಯ ಶ್ರೀಮಂತ ರಾಷ್ಟ್ರಗಳೆಲ್ಲ ಇರುವ ಏಷ್ಯಾಕ್ಕೆ ಮಾತ್ರ ಬಡತನ ನೆನಪಾಗುವುದು ಹೆಂಗಸರ ಸರದಿ ಬಂದಾಗ. ಗಂಡಸರ ಸುತ್ತಿನಲ್ಲಿ ಇದೇ ಏಷ್ಯಾ ಇಷ್ಟೇ ದೊಡ್ಡದಾಗಿತ್ತಲ್ಲ?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಮಂಗೋಲಿಯಾ ನಮ್ಮೆದುರು 13 ಗೋಲು ತಿಂದಿತು, ಥಾಯ್ಲೆಂಡಿನೆದುರು 11. ಅಂಥ ತಂಡವನ್ನು ಎರಡೆರಡು ಸಲ ಹೊಡೆಸಿಕೊಳ್ಳಲು ಕಳಿಸಬೇಕೇ? ಬೇಡ. ಆ ನೋವು ನಮಗೂ ಗೊತ್ತು. 2017ರ ಏಪ್ರಿಲಿನಲ್ಲಿ ಚೀಟಿ ನಮ್ಮನ್ನು ಪ್ಯೊಂಗ್ಯಾಂಗ್‌ಗೆ ಕಳಿಸಿತ್ತು, ಎರಡು ಕೊರಿಯಾಗಳೂ ಒಂದೇ ಗುಂಪಿನಲ್ಲಿ. ಉತ್ತರ ಕೊರಿಯಾದೆದುರು 0-8, ದಕ್ಷಿಣದೆದುರು 0-10. ಹಾಗಾಗಿ ನಾನು ಇಡೀ ಸುತ್ತನ್ನು ಕಿತ್ತೆಸೆಯಿರಿ ಎನ್ನುತ್ತಿಲ್ಲ. ಈಗಿರುವ ಗುಂಪು ಹಂತ ಒಂದೇ ಊರಿನಲ್ಲಿ ನಡೆಯಲಿ. ಆದರೆ ಪ್ರತಿ ಗುಂಪಿನಿಂದ ಒಂದರ ಬದಲು ಎರಡು ತಂಡ ಉಳಿಸಿಕೊಳ್ಳಿ. ಎಂಟು ಗುಂಪು, ಹದಿನಾರು ತಂಡ. ಆ ಹದಿನಾರನ್ನು ಎಂಟು ಜೋಡಿ ಮಾಡಿ, ಪ್ರತಿ ಜೋಡಿ ಎರಡು ಪಂದ್ಯ ಆಡಲಿ, ಒಂದು ಅಲ್ಲಿ, ಒಂದು ಇಲ್ಲಿ. ಗೆದ್ದ ಎಂಟು ಏಷ್ಯನ್ ಕಪ್ಪಿಗೆ. ಈಗ ಗುಂಪು ಹಂತದಲ್ಲಿ ಒಟ್ಟು 56 ಪಂದ್ಯ ನಡೆಯುತ್ತವೆ. ನಾನು ಕೇಳುತ್ತಿರುವುದು ಇನ್ನು ಹದಿನಾರು. ತಂಡಕ್ಕೆ ಒಂದೇ ಒಂದು ಹೆಚ್ಚುವರಿ ಪ್ರಯಾಣ. ಶೂಟೌಟಿನ ಒಂದು ಒದೆತಕ್ಕೆ ಎರಡು ವರ್ಷದ ಶ್ರಮ ಮುಳುಗಿಸಿಕೊಂಡ ನೇಪಾಳದಂಥ ತಂಡಕ್ಕೂ ಇದರಲ್ಲಿ ಇನ್ನೊಂದು ಬಾಗಿಲು ಇರುತ್ತದೆ.

ಹಾಗೆ ಮಾಡಿದರೆ ಭಾರತ ಸೋಲಬಹುದಲ್ಲ ಎಂದು ಒಬ್ಬರು ಕೇಳಿದರು. ಸೋಲಬಹುದು. ಒಂದು ಸಂಜೆ ಗೆದ್ದವರನ್ನು ಎರಡು ಸಂಜೆಯಲ್ಲಿ ಗೆಲ್ಲುವುದು ಕಷ್ಟ. ಆದರೂ ಗಚ್ಚಿಬೌಲಿಯಲ್ಲೋ ಕಂಠೀರವದಲ್ಲೋ ತುಂಬಿದ ಗ್ಯಾಲರಿಯ ಎದುರು ಅರ್ಹತೆಗಾಗಿ ಆಡಿ ಸೋತ ತಂಡ, ಯಾರ ಕಣ್ಣಿಗೂ ಬೀಳದೆ ಗೆದ್ದ ತಂಡಕ್ಕಿಂತ ಹೆಚ್ಚು ಹುಡುಗಿಯರನ್ನು ಮೈದಾನಕ್ಕೆ ಕರೆತರುತ್ತದೆ ಎಂದು ನಾನು ನಂಬಿದ್ದೇನೆ. ಗೆಲುವಿನ ಆಸೆಗೆ ಅನ್ಯಾಯದ ಪದ್ಧತಿಯನ್ನು ಸಮರ್ಥಿಸಲಾರೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಹಳೆಯದು: ಹೆಂಗಸರ ಪಂದ್ಯಕ್ಕೆ ಜನ ಬರುವುದಿಲ್ಲ. ಜನ ಬರುವುದಿಲ್ಲ ಎಂದು ಪಂದ್ಯ ಇಡುವುದಿಲ್ಲ, ಪಂದ್ಯ ಇಲ್ಲದ್ದಕ್ಕೆ ಜನ ಬರುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮ ಕ್ರೀಡಾ ಆಡಳಿತಗಾರರಿಗಾಗಿಯೇ ಕಟ್ಟಿದಂತಿದೆ. ಈ ಆಕ್ಷೇಪಕ್ಕೆ ನನ್ನ ಉತ್ತರ ಒಂದು ಕ್ರೀಡಾಂಗಣ. ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣ.

2022ರ ಜನವರಿ 20ರಂದು ಆ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯನ್ ಕಪ್ಪಿನಲ್ಲಿ ಇರಾನ್ ಜೊತೆ ಆಡಿದರು. ಆ ಸಲ ಟೂರ್ನಿ ಭಾರತದಲ್ಲೇ ಇತ್ತು, ಆತಿಥೇಯರಾದ್ದರಿಂದ ಅರ್ಹತೆ ತಾನಾಗಿ ಸಿಕ್ಕಿತ್ತು. ಮೊದಲ ಪಂದ್ಯ 0-0. ಮೂರು ದಿನ ಬಿಟ್ಟು ಚೈನೀಸ್ ತೈಪೆ ವಿರುದ್ಧದ ಪಂದ್ಯಕ್ಕೆ ತಂಡದಲ್ಲಿ ಕೊರೊನಾ ಹಬ್ಬಿ, ಬೇಕಾದ 13 ಹೆಸರು ಕೊಡಲಾಗಲಿಲ್ಲ. ನಿಯಮದಂತೆ ಭಾರತ ಟೂರ್ನಿಯಿಂದಲೇ ಹಿಂದೆ ಸರಿದಂತಾಯಿತು, ಇರಾನ್ ಜೊತೆಗಿನ ಫಲಿತಾಂಶವೂ ದಾಖಲೆಯಿಂದ ಅಳಿಸಿಹೋಯಿತು. ತವರಿನಲ್ಲಿ ಆಡುವ ಆ ಅವಕಾಶ ಹೀಗೆ ಕೈಜಾರಿತು.

ಅದೇ ಕ್ರೀಡಾಂಗಣದಲ್ಲಿ 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ಕ್ರಿಕೆಟ್ ವಿಶ್ವಕಪ್ ಎತ್ತಿದರು. ಕೂರಲು ಜಾಗ ಇರಲಿಲ್ಲ. ಅಪ್ಪಂದಿರು ಹೆಣ್ಣುಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಆ ಜನ ಆಕಾಶದಿಂದ ಇಳಿದವರಲ್ಲ. 2022ರ ಅಕ್ಟೋಬರಿನಲ್ಲಿ ಕ್ರಿಕೆಟ್ ಮಂಡಳಿ ಗಂಡಸರಿಗೂ ಹೆಂಗಸರಿಗೂ ಒಂದೇ ಪಂದ್ಯ ಶುಲ್ಕ ಎಂದು ಘೋಷಿಸಿತು. 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಶುರು ಮಾಡಿತು. ಪಂದ್ಯಗಳನ್ನು ಊರೊಳಗಿನ ದೊಡ್ಡ ಕ್ರೀಡಾಂಗಣಗಳಿಗೆ ತಂದಿತು, ಬೆಂಗಳೂರಿನ ಚಿನ್ನಸ್ವಾಮಿಗೂ ತಂದಿತು. ಜನ ಬಂದರು. ಮೊದಲು ಪಂದ್ಯ ಬಂತು, ಆಮೇಲೆ ಜನ ಬಂದರು, ಆಮೇಲೆ ಕಪ್ ಬಂತು. ಈ ಕ್ರಮವನ್ನು ದಯವಿಟ್ಟು ನೆನಪಿಡಿ. ವಿಶ್ವಕಪ್ ಗೆದ್ದ ತಂಡಕ್ಕೆ ಕ್ರಿಕೆಟ್ ಮಂಡಳಿ ಕೊಟ್ಟ ಬಹುಮಾನ 51 ಕೋಟಿ ರೂಪಾಯಿ. ಚಿಯಾಂಗ್ ಮಾಯ್‌ನಲ್ಲಿ ಗೆದ್ದ ತಂಡಕ್ಕೆ ಫುಟ್‌ಬಾಲ್ ಫೆಡರೇಷನ್ ಘೋಷಿಸಿದ್ದು 50 ಸಾವಿರ ಡಾಲರ್, ಅಂದರೆ ಅರ್ಧ ಕೋಟಿಗೂ ಕಡಿಮೆ. ವಿಶ್ವಕಪ್ ಗೆದ್ದದ್ದಕ್ಕೂ ಅರ್ಹತೆ ಪಡೆದದ್ದಕ್ಕೂ ಹೋಲಿಕೆ ಸಲ್ಲದು, ಒಪ್ಪುತ್ತೇನೆ. ನನ್ನ ಕಣ್ಣು ಆ 51 ಕೋಟಿಯ ಮೇಲಿಲ್ಲ. ಅದಕ್ಕೆ ಮೂರು ವರ್ಷ ಮೊದಲು ತೆರೆದ ಕ್ರೀಡಾಂಗಣದ ಗೇಟುಗಳ ಮೇಲಿದೆ.

ಫುಟ್‌ಬಾಲಿನಲ್ಲೂ ಗೇಟು ತೆರೆದ ಕಾಲ ಒಂದಿತ್ತು. 1980ರಲ್ಲಿ ಮಹಿಳೆಯರ ಏಷ್ಯನ್ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಪಕ್ಕದ ಕೋಝಿಕ್ಕೋಡಿನಲ್ಲಿ. ಭಾರತ ಆಗ ಎರಡನೇ ಸ್ಥಾನ ಪಡೆಯಿತು. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೊಮ್ಮೆ ಎರಡನೇ ಸ್ಥಾನ. ನಾವು ಏಷ್ಯಾದ ಎರಡನೇ ತಂಡ ಎಂದು ಹೇಳಿಕೊಳ್ಳಬಹುದಾಗಿದ್ದ ದಿನಗಳು ಅವು. ಆಮೇಲೆ ಪಂದ್ಯಗಳೇ ನಿಂತುಹೋದವು. 2009ರಲ್ಲಿ, ದೀರ್ಘಕಾಲ ಒಂದೂ ಪಂದ್ಯ ಆಡಲಿಲ್ಲವೆಂದು, ಫಿಫಾ ಭಾರತದ ಮಹಿಳಾ ತಂಡದ ಹೆಸರನ್ನು ಶ್ರೇಯಾಂಕ ಪಟ್ಟಿಯಿಂದಲೇ ತೆಗೆದುಹಾಕಿತು. ಸೋತು ಕೆಳಗಿಳಿದದ್ದಲ್ಲ, ಆಡದೆ ಮಾಯವಾದದ್ದು. ಶ್ರೇಯಾಂಕ ಇಲ್ಲದಿದ್ದರೆ ಒಳ್ಳೆಯ ಮಡಕೆ ಇಲ್ಲ, ಒಳ್ಳೆಯ ಮಡಕೆ ಇಲ್ಲದಿದ್ದರೆ ಎರಡು ಕೊರಿಯಾಗಳ ಗುಂಪು, 0-10, ಆಮೇಲೆ "ಇವರಿಗೆ ಯಾಕೆ ಖರ್ಚು?" ಎಂಬ ಪ್ರಶ್ನೆ. ಈ ಸರಪಳಿಯನ್ನು ಚಿಯಾಂಗ್ ಮಾಯ್‌ನಲ್ಲಿ ಮುರಿದವರು ಆಟಗಾರ್ತಿಯರು. ಅದು ಮತ್ತೆ ಬೆಸೆದುಕೊಳ್ಳದಂತೆ ನೋಡಿಕೊಳ್ಳುವುದು ಆಡಳಿತಗಾರರ ಕೆಲಸ.

ಹಾಗಾದರೆ ಏನು ಮಾಡಬೇಕು? ಏಷ್ಯಾದ ನಿಯಮ ನಾಳೆ ಬದಲಾಗುವುದಿಲ್ಲ. ಆದರೆ ಅಖಿಲ ಭಾರತ ಫೆಡರೇಷನ್ ಅಲ್ಲಿ ಹೋಗಿ ಕೇಳಬಹುದು. ಈಗ ಕೇಳುವ ಹಕ್ಕನ್ನು ತಂಡ ಗೆದ್ದುಕೊಟ್ಟಿದೆ. ನಿಯಮ ಬದಲಾಗುವವರೆಗೆ ಎರಡು ಕೆಲಸವನ್ನು ಯಾರ ಅಪ್ಪಣೆಯೂ ಇಲ್ಲದೆ ಮಾಡಬಹುದು. 2025ರ ಅರ್ಹತಾ ಸುತ್ತಿನ ಎಂಟು ಗುಂಪುಗಳಲ್ಲಿ ಒಂದೂ ಭಾರತದಲ್ಲಿ ನಡೆಯಲಿಲ್ಲ. ಕಾಂಬೋಡಿಯಾದಲ್ಲಿ ನಡೆಯಿತು, ತಜಿಕಿಸ್ತಾನದಲ್ಲಿ ನಡೆಯಿತು. ಮುಂದಿನ ಸಲ ಒಂದು ಗುಂಪನ್ನು ಇಲ್ಲಿಗೆ ತನ್ನಿ. ಇನ್ನೊಂದು, ಫಿಫಾ ಪಂದ್ಯಗಳಿಗೆಂದು ಬಿಡುವು ಕೊಡುವ ದಿನಗಳಲ್ಲಿ ಮಹಿಳಾ ತಂಡದ ಸೌಹಾರ್ದ ಪಂದ್ಯಗಳನ್ನು ತಾಲೀಮು ಕೇಂದ್ರದಿಂದ ಊರೊಳಗಿನ ಕ್ರೀಡಾಂಗಣಕ್ಕೆ ತನ್ನಿ. ಒಂದು ಸಲ ಹೈದರಾಬಾದ್, ಒಂದು ಸಲ ಬೆಂಗಳೂರು, ಒಂದು ಸಲ ಇಂಫಾಲ್, ಒಂದು ಸಲ ಭುವನೇಶ್ವರ. ಟಿಕೆಟ್ಟಿಗೆ ಐವತ್ತು ರೂಪಾಯಿ ಇಡಿ, ಶಾಲೆಯ ಹುಡುಗಿಯರಿಗೆ ಬಿಟ್ಟಿ ಬಿಡಿ.

ಮೂರನೆಯ ಕೆಲಸ ನಮ್ಮದು, ಈ ಪತ್ರ ಓದುತ್ತಿರುವ ನಿಮ್ಮದು ಮತ್ತು ನನ್ನದು. ಪಂದ್ಯ ಬಂದ ದಿನ ಹೋಗಬೇಕು. ಸುದ್ದಿ ಗೊತ್ತಿರಲಿಲ್ಲ ಎಂಬ ನೆವ ನನ್ನದೂ ಆಗಿತ್ತು, ಇನ್ನು ಅದು ನಡೆಯದು.

2026ರ ಮಾರ್ಚ್ 4ರಂದು ಪರ್ತ್‌ನಲ್ಲಿ ಭಾರತದ ಮೊದಲ ಪಂದ್ಯ ವಿಯೆಟ್ನಾಂ ವಿರುದ್ಧ. ಗುಂಪಿನಲ್ಲಿ ಜಪಾನ್ ಇದೆ, ಚೈನೀಸ್ ತೈಪೆ ಇದೆ. ಎಂಟರ ಘಟ್ಟ ಮುಟ್ಟಿದರೆ 2027ರ ಬ್ರೆಜಿಲ್ ವಿಶ್ವಕಪ್ಪಿನ ದಾರಿ ಕಾಣಿಸಲು ಶುರುವಾಗುತ್ತದೆ. ಮುಟ್ಟದೆಯೂ ಇರಬಹುದು, ದೊಡ್ಡ ಅಂತರದಲ್ಲಿ ಸೋಲಲೂಬಹುದು. ಆಗ ಪವಾಡ ಎಂದವರೇ "ನೋಡಿದಿರಾ, ಹೇಳಿರಲಿಲ್ಲವೇ" ಎನ್ನುತ್ತಾರೆ. ಆ ದಿನಕ್ಕಾಗಿಯೇ ಇದನ್ನು ಈಗಲೇ ಬರೆದಿಟ್ಟಿದ್ದೇನೆ: ಈ ಹೆಣ್ಣುಮಕ್ಕಳು ಅರ್ಹತಾ ಸುತ್ತಿನಲ್ಲಿ ಒಂದೂ ತವರಿನ ಪಂದ್ಯ ಆಡದೆ ಅಲ್ಲಿಗೆ ಹೋಗಿದ್ದಾರೆ.

ಪಕ್ಕದ ಮನೆಯ ಹುಡುಗಿ ಈಗಲೂ ಸಂಜೆ ಚೆಂಡು ತಗೊಂಡು ಇಳಿಯುತ್ತಾಳೆ. ಹುಡುಗರು ಅವಳನ್ನು ಗೋಲಿನಲ್ಲಿ ನಿಲ್ಲಿಸುತ್ತಾರೆ, ಅವಳಿಗೆ ಮುಂದೆ ಆಡಬೇಕು. ಮೊನ್ನೆ ಮತ್ತೆ ಕೇಳಿದಳು, ಯಾವಾಗ ಬರ್ತಾರೆ ಅಂಕಲ್ ಎಂದು. ಕೇಳುತ್ತಿದ್ದೇವೆ ಮಗಳೇ, ಎಂದೆ. ಆ ಮಾತು ಸುಳ್ಳಾಗಬಾರದು ಎಂದು ಇಷ್ಟು ಬರೆದೆ.